ನೌಕರಿಯ ಆಫರ್ ಕೈಗೆ ಬಂದಾಗ: ಸಂಬಳದಾಚೆಯ ಸೌಲಭ್ಯಗಳನ್ನು ಕೇಳಿ ತಿಳಿಯಲು ಸಮಗ್ರ ಮಾರ್ಗದರ್ಶಿ

ಕಂಪನಿಯೊಂದು ಆಫರ್ ಲೆಟರ್ ಕಳಿಸಿದ ದಿನದಿಂದ ಅಭ್ಯರ್ಥಿ ಅದಕ್ಕೆ ಒಪ್ಪಿಗೆ ಸೂಚಿಸುವವರೆಗಿನ ನಾಲ್ಕಾರು ದಿನಗಳಿಗೆ ತಮ್ಮದೇ ಆದ ಬೆಲೆಯಿದೆ. ಸಂದರ್ಶನ ನಡೆಯುತ್ತಿರುವಾಗ ಆಯ್ಕೆ ಕಂಪನಿಯವರ ಕೈಯಲ್ಲಿರುತ್ತದೆ, ಕೆಲಸಕ್ಕೆ ಸೇರಿದ ಮೇಲೆ ನಿಯಮಗಳೂ ಅವರವೇ ಆಗಿರುತ್ತವೆ. ಈ ನಡುವಣ ದಿನಗಳಲ್ಲಿ ಮಾತ್ರ ಅವರು ನಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚಿನವರು ಈ ದಿನಗಳನ್ನು ಒಟ್ಟು ಸಂಬಳ ಎಷ್ಟೆಂಬ ಒಂದೇ ಲೆಕ್ಕದಲ್ಲಿ ಕಳೆದುಬಿಡುತ್ತಾರೆ. ವಿಮೆ, ಭವಿಷ್ಯ ನಿಧಿ (ಪಿಎಫ್), ರಜೆ, ಗ್ರಾಚ್ಯುಟಿ (ಸೇವೆಯ ಕೊನೆಯಲ್ಲಿ ಸಿಗುವ ಇಡಿಗಂಟು), ನೋಟಿಸ್ ಅವಧಿ ಇವುಗಳ ಬಗ್ಗೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ದೊಡ್ಡದು, ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಖಾಸಗಿ ನೌಕರಿಗೆ ಹೊರಟವರಲ್ಲಿ. ಆಫರ್ ಕೊಟ್ಟ ಮೇಲೆ ಸೌಲಭ್ಯಗಳ ವಿವರ ಕೇಳಿದರೆಂಬ ಕಾರಣಕ್ಕೆ ಯಾವ ಒಳ್ಳೆಯ ಸಂಸ್ಥೆಯೂ ಆಫರ್ ಹಿಂಪಡೆಯುವುದಿಲ್ಲ. ಹಿಂಪಡೆಯುವ ಸಂಸ್ಥೆಯಿದ್ದರೆ, ಸೇರುವ ಮುನ್ನವೇ ಅದರ ಸ್ವಭಾವ ತಿಳಿಯಿತೆಂದು ಸಮಾಧಾನಪಡಬಹುದು.

ಈ ಬರಹ ಕರ್ನಾಟಕದ ಖಾಸಗಿ ವಲಯದ ನೌಕರಿಗಳನ್ನು, ಮುಖ್ಯವಾಗಿ ಬೆಂಗಳೂರಿನ ಕಚೇರಿ ಮತ್ತು ಕಾರ್ಖಾನೆಗಳನ್ನು ಗಮನದಲ್ಲಿಟ್ಟುಕೊಂಡದ್ದು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ, ಯಾವ ಮಾತಿನಲ್ಲಿ ಕೇಳಬೇಕು, ಬಂದ ಉತ್ತರವನ್ನು ಹೇಗೆ ಓದಿಕೊಳ್ಳಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಕೇಳುವ ಸಮಯವನ್ನು ಆರಿಸಿಕೊಳ್ಳುವುದು

ಮೊದಲ ಸುತ್ತಿನ ಸಂದರ್ಶನದಲ್ಲಿ ಕೆಲಸದ ಸ್ವರೂಪ, ಪಾಳಿ, ಕಚೇರಿ ಇರುವ ಜಾಗ, ವಾರದಲ್ಲಿ ಎಷ್ಟು ದಿನ ಕಚೇರಿಗೆ ಬರಬೇಕು ಎಂಬಷ್ಟನ್ನು ಕೇಳಿದರೆ ಸಾಕು. ವಿಮೆಯ ಮೊತ್ತ, ಪಿಎಫ್ ಲೆಕ್ಕ, ರಜೆಯ ವಿವರಗಳನ್ನು ಆಫರ್ ಬರುವವರೆಗೆ ಕಾಯ್ದಿರಿಸಬೇಕು. ಸಂದರ್ಶನ ಮಾಡುವ ತಂಡದ ಮುಖ್ಯಸ್ಥರಿಗೆ ಈ ವಿವರಗಳು ಸಾಮಾನ್ಯವಾಗಿ ತಿಳಿದಿರುವುದೇ ಇಲ್ಲ. ಅವರು ಭರವಸೆಯ ಮಾತಿನಲ್ಲಿ ಹೇಳುವ “ಎಲ್ಲಾ ಇದೆ, ಚಿಂತೆ ಬೇಡ” ಎಂಬುದಕ್ಕೆ ಮುಂದೆ ಯಾರೂ ಹೊಣೆಯಾಗುವುದಿಲ್ಲ. ಕೇಳಬೇಕಾದದ್ದು ಮಾನವ ಸಂಪನ್ಮೂಲ ವಿಭಾಗವನ್ನು, ಅಂದರೆ ನಾವೆಲ್ಲ ಎಚ್‌ಆರ್ ಎಂದು ಕರೆಯುವವರನ್ನು.

ಆಫರ್ ಬಂದ ಕೂಡಲೇ ಧನ್ಯವಾದ ತಿಳಿಸಿ, ಒಪ್ಪಿಗೆ ಕೊಡಲು ಕೊನೆಯ ದಿನಾಂಕ ಯಾವುದೆಂದು ಕೇಳಿಕೊಳ್ಳಿ. “ಇವತ್ತು ಸಂಜೆಯೊಳಗೆ ಹೇಳಬೇಕು” ಎಂಬ ಅವಸರ ಬಂದರೆ, “ವಿವರಗಳನ್ನು ಓದಿಕೊಂಡು ಇಂಥ ದಿನದೊಳಗೆ ಖಚಿತ ಉತ್ತರ ಕೊಡುತ್ತೇನೆ” ಎಂದು ನೀವೇ ಒಂದು ದಿನಾಂಕ ಹೇಳಿ. ದಿನಾಂಕವನ್ನು ನೀವೇ ಹೇಳಿದಾಗ ಅದು ಹಿಂಜರಿಕೆಯಂತೆ ಕೇಳಿಸುವುದಿಲ್ಲ. ಇನ್ನೊಂದು ಎಚ್ಚರ: ಆಫರ್ ಫೋನಿನಲ್ಲಿ ಮಾತ್ರ ಬಂದಿದ್ದು ಪತ್ರ ಇನ್ನೂ ಕೈಗೆ ಬರದಿದ್ದರೆ, ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮಾತು ಬೇಡ.

ಎರಡನೆಯ ಹೆಜ್ಜೆ: ಸಿಟಿಸಿಯನ್ನು ಬಿಡಿಸಿ ನೋಡುವುದು

ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದಾಗಿ ತಗಲುವ ಒಟ್ಟು ವೆಚ್ಚ. ಅದರೊಳಗೆ ನಿಮ್ಮ ಕೈಗೆ ಪ್ರತಿ ತಿಂಗಳು ಬರುವುದು, ವರ್ಷಕ್ಕೊಮ್ಮೆ ಬರಬಹುದಾದದ್ದು, ಹಲವು ವರ್ಷಗಳ ನಂತರ ಬರುವುದು, ಎಂದೂ ನಿಮ್ಮ ಕೈಗೆ ಬಾರದೆ ವಿಮಾ ಕಂಪನಿಗೆ ಹೋಗುವುದು, ಎಲ್ಲವೂ ಸೇರಿರುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಹೀಗಿರಬೇಕು: “ಸಿಟಿಸಿಯ ತಿಂಗಳವಾರು ಮತ್ತು ವಾರ್ಷಿಕ ವಿಂಗಡಣೆಯನ್ನು, ಉದ್ಯೋಗದಾತರ ಪಿಎಫ್ ಪಾಲು, ಗ್ರಾಚ್ಯುಟಿ, ವಿಮಾ ಕಂತು ಮತ್ತು ವೇರಿಯಬಲ್ ಪೇ ಪ್ರತ್ಯೇಕವಾಗಿ ಕಾಣುವಂತೆ ಕಳಿಸಿಕೊಡಬಹುದೇ?”

ಒಂದು ಲೆಕ್ಕ ಹಾಕಿ ನೋಡೋಣ. ಸಿಟಿಸಿ 12 ಲಕ್ಷ ರೂಪಾಯಿ, ಮೂಲ ವೇತನ ಅದರ ಅರ್ಧ, ಅಂದರೆ 6 ಲಕ್ಷ ಎಂದಿಟ್ಟುಕೊಳ್ಳಿ. ಮೂಲ ವೇತನದ ಶೇ 12ರ ದರದಲ್ಲಿ ಉದ್ಯೋಗದಾತರ ಪಿಎಫ್ ಪಾಲು 72,000, ಶೇ 4.81ರ ದರದಲ್ಲಿ ಗ್ರಾಚ್ಯುಟಿಗೆ 28,860. ಗುಂಪು ವಿಮೆಯ ಕಂತು 18,000. ವೇರಿಯಬಲ್ ಪೇ, ಅಂದರೆ ಸಾಧನೆ ನೋಡಿ ಕೊಡುವ ಸಂಬಳದ ಭಾಗ, ಸಿಟಿಸಿಯ ಶೇ 10ರಂತೆ 1,20,000. ಇವೆಲ್ಲ ಸೇರಿ 2,38,860 ರೂಪಾಯಿ. ಇದನ್ನು ಕಳೆದರೆ ಉಳಿಯುವುದು 9,61,140, ತಿಂಗಳಿಗೆ 80,095. ಅದರಿಂದ ನಿಮ್ಮ ಪಾಲಿನ ಪಿಎಫ್ 6,000 ಮತ್ತು ವೃತ್ತಿ ತೆರಿಗೆ 200 ಕಳೆದು ಬ್ಯಾಂಕ್ ಖಾತೆಗೆ ಬೀಳುವುದು 73,895 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗಿನ ವೇತನಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಇಲ್ಲಿ ಆ ಕಡಿತ ಬಂದಿಲ್ಲ. ವರ್ಷಕ್ಕೆ 12 ಲಕ್ಷ ಎಂದರೆ ತಿಂಗಳಿಗೆ 1 ಲಕ್ಷ ಎಂದು ಮನೆ ಬಾಡಿಗೆ, ಕಾರಿನ ಸಾಲ ಎಲ್ಲವನ್ನೂ ಯೋಜಿಸಿಕೊಂಡವರಿಗೆ ಈ 26,000ದ ಅಂತರ ಮೊದಲ ಸಂಬಳದ ದಿನವೇ ಅರಿವಾಗುತ್ತದೆ.

ಕಡಿತವಾದದ್ದೆಲ್ಲ ನಷ್ಟವಲ್ಲ, ಪಿಎಫ್ ನಿಮ್ಮದೇ ಹಣ. ಆದರೆ ಎರಡು ಆಫರ್‌ಗಳನ್ನು ಹೋಲಿಸುವಾಗ ಸಿಟಿಸಿಗೆ ಸಿಟಿಸಿಯನ್ನು ಹೋಲಿಸಿದರೆ ಮೋಸಹೋಗುವ ಸಾಧ್ಯತೆ ಹೆಚ್ಚು. ಒಬ್ಬರು ವಿಮಾ ಕಂತನ್ನೂ ಗ್ರಾಚ್ಯುಟಿಯನ್ನೂ ಒಳಗೆ ಸೇರಿಸಿ 12 ಲಕ್ಷ ಎನ್ನುತ್ತಾರೆ, ಇನ್ನೊಬ್ಬರು ಅವನ್ನು ಹೊರಗಿಟ್ಟು 11.6 ಲಕ್ಷ ಎನ್ನುತ್ತಾರೆ. ಎರಡನೆಯದೇ ಹೆಚ್ಚಿನ ಸಂಬಳ ಆಗಿರಬಹುದು. ಹಾಗಾಗಿ ಖಚಿತವಾಗಿ ಸಿಗುವ ಮಾಸಿಕ ಮೊತ್ತವನ್ನು ಒಂದು ಸಾಲಿನಲ್ಲಿ, ಪಿಎಫ್‌ನಂಥ ಉಳಿತಾಯವನ್ನು ಇನ್ನೊಂದರಲ್ಲಿ, ಷರತ್ತಿನ ಮೇಲೆ ಸಿಗುವುದನ್ನು ಮೂರನೆಯದರಲ್ಲಿ ಬರೆದುಕೊಂಡು ಹೋಲಿಸಿ.

ವೇರಿಯಬಲ್ ಪೇ ಬಗ್ಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: “ಕಳೆದ ಎರಡು ವರ್ಷ ಈ ಹುದ್ದೆಯ ಮಟ್ಟದವರಿಗೆ ವೇರಿಯಬಲ್ ಮೊತ್ತದ ಸರಾಸರಿ ಎಷ್ಟು ಭಾಗ ಪಾವತಿಯಾಗಿದೆ?” ಇದಕ್ಕೆ ಸಂಖ್ಯೆಯಲ್ಲಿ ಉತ್ತರ ಬಂದರೆ ಒಳ್ಳೆಯದು. “ಅದು ಕಂಪನಿಯ ಮತ್ತು ನಿಮ್ಮ ಸಾಧನೆಯನ್ನು ಅವಲಂಬಿಸಿದೆ” ಎಂದಷ್ಟೇ ಬಂದರೆ, ನಿಮ್ಮ ಲೆಕ್ಕದಲ್ಲಿ ಆ ಮೊತ್ತವನ್ನು ಅರ್ಧಕ್ಕಿಂತ ಹೆಚ್ಚೆಂದು ಹಿಡಿಯಬೇಡಿ. ಪಾವತಿಯ ದಿನ ನೀವು ಕೆಲಸದಲ್ಲಿ ಇರಲೇಬೇಕೇ, ವರ್ಷದ ಮಧ್ಯೆ ಸೇರಿದವರಿಗೆ ಆ ವರ್ಷದ ಪಾಲು ಸಿಗುತ್ತದೆಯೇ ಎಂಬುದನ್ನೂ ಜೊತೆಗೇ ಕೇಳಿ.

ಮೂರನೆಯ ಹೆಜ್ಜೆ: ಪಿಎಫ್ ಮತ್ತು ಗ್ರಾಚ್ಯುಟಿ

ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಪಿಎಫ್ ಕಡ್ಡಾಯ. ನೌಕರರ ಪಾಲು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12, ಉದ್ಯೋಗದಾತರದೂ ಅಷ್ಟೇ. ಇಲ್ಲಿ ಕೇಳಬೇಕಾದ ಪ್ರಶ್ನೆ “ಪಿಎಫ್ ಇದೆಯೇ” ಎಂಬುದಲ್ಲ, “ಪಿಎಫ್ ಅನ್ನು ಪೂರ್ಣ ಮೂಲ ವೇತನದ ಮೇಲೆ ಕಟ್ಟುತ್ತೀರಾ, ಅಥವಾ 15,000 ರೂಪಾಯಿಯ ಮಿತಿಯ ಮೇಲೆಯೇ?” ಎಂಬುದು. ಕಾನೂನಿನ ಪ್ರಕಾರ 15,000ದ ಮೇಲಿನ ವೇತನಕ್ಕೆ ಪಿಎಫ್ ಕಟ್ಟುವುದು ಉದ್ಯೋಗದಾತರಿಗೆ ಕಡ್ಡಾಯವಲ್ಲ. ಹಾಗಾಗಿ ಹಲವು ಸಂಸ್ಥೆಗಳು ತಿಂಗಳಿಗೆ 1,800ಕ್ಕೆ ನಿಲ್ಲಿಸುತ್ತವೆ. ಮೇಲಿನ ಉದಾಹರಣೆಯಲ್ಲಿ ಪೂರ್ಣ ವೇತನದ ಮೇಲೆ ವರ್ಷಕ್ಕೆ 72,000 ಬರುವ ಉದ್ಯೋಗದಾತರ ಪಾಲು, ಮಿತಿಯ ಮೇಲೆ 21,600ಕ್ಕೆ ಇಳಿಯುತ್ತದೆ. ವ್ಯತ್ಯಾಸದ 50,400 ರೂಪಾಯಿ ವಿಶೇಷ ಭತ್ಯೆಯಾಗಿ ನಿಮ್ಮ ಕೈಗೆ ಬರುತ್ತದೆಯೇ, ಎಲ್ಲಿಗೂ ಸೇರದೆ ಹೋಗುತ್ತದೆಯೇ ಎಂಬುದು ವಿಂಗಡಣೆ ನೋಡಿದಾಗ ಮಾತ್ರ ಗೊತ್ತಾಗುತ್ತದೆ. 2024-25ರಲ್ಲಿ ಪಿಎಫ್‌ಗೆ ಶೇ 8.25 ಬಡ್ಡಿ ಸಿಕ್ಕಿದ್ದನ್ನು ನೋಡಿದರೆ, ಕೈಗೆ ಬಂದು ಖರ್ಚಾಗುವ ಹಣಕ್ಕಿಂತ ಪೂರ್ಣ ಪಿಎಫ್ ಹೆಚ್ಚಿನವರಿಗೆ ಲಾಭದಾಯಕ ಎಂಬುದು ನನ್ನ ಅಭಿಪ್ರಾಯ. ಮನೆ ಸಾಲದ ಕಂತು ಕುತ್ತಿಗೆಗೆ ಬಂದಿರುವವರು ಬೇರೆ ರೀತಿ ಯೋಚಿಸಬಹುದು.

ಸಂಸ್ಥೆ ಚಿಕ್ಕದಾಗಿದ್ದು ಪಿಎಫ್ ನಿಜವಾಗಿ ಕಟ್ಟುತ್ತಿದೆಯೇ ಎಂಬ ಅನುಮಾನವಿದ್ದರೆ, ಯಾರನ್ನೂ ಕೇಳದೆ ತಿಳಿಯುವ ದಾರಿಯೂ ಇದೆ. ನೌಕರರ ಭವಿಷ್ಯ ನಿಧಿ ಸಂಘಟನೆಯ (ಇಪಿಎಫ್‌ಒ) ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ, ಅದು ನೋಂದಣಿಯಾಗಿದೆಯೇ, ಪ್ರತಿ ತಿಂಗಳು ಹಣ ಕಟ್ಟಿದೆಯೇ, ಎಷ್ಟು ನೌಕರರ ಹೆಸರಿನಲ್ಲಿ ಕಟ್ಟಿದೆ ಎಂಬುದು ಕಾಣಿಸುತ್ತದೆ. ಇನ್ನೂರು ಜನರಿದ್ದೇವೆ ಎಂದು ಹೇಳಿಕೊಳ್ಳುವ ಸಂಸ್ಥೆ ಮೂವತ್ತು ಜನರಿಗೆ ಮಾತ್ರ ಪಿಎಫ್ ಕಟ್ಟುತ್ತಿದ್ದರೆ, ಉಳಿದವರು ಯಾವ ಲೆಕ್ಕದಲ್ಲಿದ್ದಾರೆ ಎಂದು ಕೇಳುವುದು ನ್ಯಾಯ.

ಗ್ರಾಚ್ಯುಟಿಯ ವಿಷಯ ಸರಳ. ಐದು ವರ್ಷ ಸತತ ಸೇವೆ ಮಾಡಿದವರಿಗೆ, ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದಷ್ಟು ಮೊತ್ತ ಸಿಗುತ್ತದೆ. ಮೂಲ ವೇತನ 50,000 ಇದ್ದು ಐದು ವರ್ಷ ದುಡಿದವರಿಗೆ ಇದು ಸುಮಾರು 1,44,230 ರೂಪಾಯಿ. ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಎರಡು ಬದಲಾವಣೆಗಳಾಗಿವೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರುವವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ; ಮತ್ತು ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕಕ್ಕೆ ಬರುತ್ತದೆ. ಮೂಲ ವೇತನವನ್ನು ಶೇ 30ಕ್ಕೆ ಇಳಿಸಿ ಉಳಿದುದನ್ನೆಲ್ಲ ಭತ್ಯೆಯಾಗಿ ತೋರಿಸುವ ಹಳೆಯ ರೂಢಿಯ ಆಫರ್ ಬಂದರೆ, “ಈ ವಿಂಗಡಣೆ ಹೊಸ ಸಂಹಿತೆಗಳ ವೇತನದ ವ್ಯಾಖ್ಯೆಗೆ ಅನುಗುಣವಾಗಿದೆಯೇ, ಮುಂದೆ ಬದಲಾದರೆ ಕೈಗೆ ಬರುವ ಸಂಬಳ ಎಷ್ಟಾಗುತ್ತದೆ?” ಎಂದು ಕೇಳಿ. ಸಿಟಿಸಿಯಲ್ಲಿ ಗ್ರಾಚ್ಯುಟಿಯನ್ನು ಸೇರಿಸಿರುವ ಕಂಪನಿಯಲ್ಲಿ ಎರಡು ಮೂರು ವರ್ಷ ಮಾತ್ರ ಇರುವ ಅಂದಾಜಿದ್ದರೆ, ಕಾಯಂ ನೌಕರರು ಆ ಮೊತ್ತವನ್ನು ತಮ್ಮ ಲೆಕ್ಕದಿಂದ ತೆಗೆದುಬಿಡುವುದು ಒಳ್ಳೆಯದು.

ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರಿಗೆ, ಅಂದರೆ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಅಂಗಡಿ ಮಳಿಗೆಗಳಲ್ಲಿ ಸೇರುವ ಹಲವರಿಗೆ, ಇವೆಲ್ಲಕ್ಕಿಂತ ಮುಖ್ಯವಾದದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ನೌಕರರ ಪಾಲು ಶೇ 0.75, ಉದ್ಯೋಗದಾತರದು ಶೇ 3.25. ಇಷ್ಟಕ್ಕೆ ಕುಟುಂಬದ ಚಿಕಿತ್ಸೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಭತ್ಯೆ, ಹೆರಿಗೆ ಸೌಲಭ್ಯ ಎಲ್ಲವೂ ದೊರೆಯುತ್ತವೆ. ಇಲ್ಲಿ ಪ್ರಶ್ನೆ ಚಿಕ್ಕದು: “ಇಎಸ್‌ಐ ಸಂಖ್ಯೆ ಸೇರಿದ ದಿನವೇ ಮಾಡಿಸಿಕೊಡುತ್ತೀರಾ?” ಮೂರು ತಿಂಗಳ ನಂತರ ನೋಡೋಣ ಎಂಬ ಉತ್ತರ ಸರಿಯಲ್ಲ; ಕಾನೂನಿನಲ್ಲಿ ಅಂಥ ಕಾಯುವ ಅವಧಿ ಇಲ್ಲ.

ನಾಲ್ಕನೆಯ ಹೆಜ್ಜೆ: ಆರೋಗ್ಯ ವಿಮೆ

ನಮ್ಮ ಮನೆಗಳ ಸ್ಥಿತಿಯಲ್ಲಿ ಅತಿ ಹೆಚ್ಚು ಹಣ ಉಳಿಸುವ ಅಥವಾ ಕಳೆಯುವ ಸೌಲಭ್ಯ ಇದೇ. ಹೀಗಿದ್ದೂ ಆಫರ್ ಲೆಟರ್‌ನಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು: “ಕಂಪನಿಯ ನೀತಿಯ ಪ್ರಕಾರ ಗುಂಪು ವೈದ್ಯಕೀಯ ವಿಮೆ”. ಆ ಸಾಲಿನ ಹಿಂದೆ ಏನಿದೆಯೆಂದು ತಿಳಿಯಲು ವಿಮೆಯ ಸೌಲಭ್ಯ ಕೈಪಿಡಿಯನ್ನೇ ಕೇಳಬೇಕು. ವಿಮಾ ಕಂಪನಿಯೋ ಬ್ರೋಕರೋ ಕೊಟ್ಟ ನಾಲ್ಕೈದು ಪುಟಗಳ ಕೈಪಿಡಿ ಪ್ರತಿ ಎಚ್‌ಆರ್ ಬಳಿಯೂ ಇರುತ್ತದೆ, ಕೇಳಿದರೆ ಕಳಿಸುತ್ತಾರೆ.

ಕೈಪಿಡಿಯಲ್ಲಿ ಮೊದಲು ನೋಡಬೇಕಾದದ್ದು ವಿಮೆಗೆ ಯಾರೆಲ್ಲ ಒಳಪಡುತ್ತಾರೆ ಎಂಬುದು. ನೌಕರರು, ಸಂಗಾತಿ, ಇಬ್ಬರು ಮಕ್ಕಳು ಎಂಬುದು ಸಾಮಾನ್ಯ ರೂಢಿ. ತಂದೆತಾಯಿ ಇದರಲ್ಲಿ ಬರುತ್ತಾರೆಯೇ, ಬಂದರೆ ಅವರ ಕಂತನ್ನು ಯಾರು ಕಟ್ಟುತ್ತಾರೆ, ಮದುವೆಯಾದ ಹೆಣ್ಣುಮಕ್ಕಳು ತಮ್ಮ ತಂದೆತಾಯಿ ಅಥವಾ ಅತ್ತೆಮಾವ ಇವರಲ್ಲಿ ಒಬ್ಬರ ಕಡೆಯನ್ನು ಆರಿಸಿಕೊಳ್ಳಬಹುದೇ ಎಂಬುದನ್ನು ಬಿಡಿಸಿ ಕೇಳಿ. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ತಂದೆತಾಯಿಗೆ ಹೊರಗಡೆ ಹೊಸ ವಿಮೆ ಮಾಡಿಸುವುದು ದುಬಾರಿ, ಮತ್ತು ಮೊದಲೇ ಇರುವ ಕಾಯಿಲೆಗೆ ಮೂರು ವರ್ಷಗಳವರೆಗೆ ಕಾಯುವ ಅವಧಿ ಇರಬಹುದು. ಗುಂಪು ವಿಮೆಗಳಲ್ಲಿ ಸಾಮಾನ್ಯವಾಗಿ ಇಂಥ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಆದ್ದರಿಂದ ಎರಡು ಆಫರ್‌ಗಳ ನಡುವೆ ವರ್ಷಕ್ಕೆ ಮೂವತ್ತು ನಲವತ್ತು ಸಾವಿರದ ವ್ಯತ್ಯಾಸವಿದ್ದು, ಕಡಿಮೆ ಸಂಬಳದ ಕಡೆ ತಂದೆತಾಯಿಗೆ ಒಳ್ಳೆಯ ವಿಮೆ ಇದ್ದರೆ, ನಾನು ಆ ಕಡೆಗೇ ವಾಲುತ್ತೇನೆ.

ಎರಡನೆಯದು, ಮೊತ್ತದ ಒಳಗಿನ ಮಿತಿಗಳು. ಐದು ಲಕ್ಷದ ವಿಮೆ ಎಂದು ಹೇಳಿದರೂ ಕೋಣೆಯ ಬಾಡಿಗೆಗೆ, ಹೆರಿಗೆಗೆ, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಮಿತಿಗಳಿರುತ್ತವೆ. ಕೋಣೆ ಬಾಡಿಗೆಯ ಮಿತಿಯೇ ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು. ಮೂರು ಲಕ್ಷದ ವಿಮೆಯಲ್ಲಿ ದಿನದ ಬಾಡಿಗೆಗೆ ಶೇ 1ರ ಮಿತಿ ಎಂದರೆ 3,000 ರೂಪಾಯಿ. ನೀವು 6,000ದ ಕೋಣೆ ತೆಗೆದುಕೊಂಡರೆ ಹೆಚ್ಚುವರಿ ಬಾಡಿಗೆಯನ್ನಷ್ಟೇ ನೀವು ಕಟ್ಟಬೇಕು ಎಂದುಕೊಳ್ಳುವುದು ಸಹಜ. ಆದರೆ ಹಲವು ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಸುತ್ತಾರೆ. ತಂದೆತಾಯಿಯ ಬಿಲ್ಲುಗಳಲ್ಲಿ ಇಂತಿಷ್ಟು ಶೇಕಡಾ ಭಾಗವನ್ನು ನೌಕರರೇ ಭರಿಸಬೇಕು ಎಂಬ ಕೋ-ಪೇ ಷರತ್ತಿದೆಯೇ ಎಂಬುದನ್ನೂ ನೋಡಿ.

ಮೂರನೆಯದನ್ನು ಬೆಂಗಳೂರಿನಲ್ಲಿ ಕುಳಿತು ಯೋಚಿಸುವವರು ಮರೆಯುತ್ತಾರೆ. ನೀವು ಇಲ್ಲಿದ್ದರೂ ನಿಮ್ಮ ತಂದೆತಾಯಿ ಹಾವೇರಿಯಲ್ಲೋ ಕಲಬುರಗಿಯಲ್ಲೋ ಶಿರಸಿಯಲ್ಲೋ ಇರಬಹುದು. ನಗದುರಹಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿಯಲ್ಲಿ ಆ ಊರಿನ ಅಥವಾ ಹತ್ತಿರದ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿವೆಯೇ? ವಿಮಾ ಕಂಪನಿಯ ಮತ್ತು ಕ್ಲೇಮುಗಳನ್ನು ನೋಡಿಕೊಳ್ಳುವ ಟಿಪಿಎ ಸಂಸ್ಥೆಯ ಹೆಸರು ಕೇಳಿಕೊಂಡರೆ, ಅವುಗಳ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ನೀವೇ ನೋಡಿಕೊಳ್ಳಬಹುದು.

ಕೊನೆಯದಾಗಿ, ರಕ್ಷಣೆ ಯಾವ ದಿನ ಶುರುವಾಗುತ್ತದೆ, ಯಾವ ದಿನ ಮುಗಿಯುತ್ತದೆ? ಸೇರಿದ ದಿನದಿಂದಲೇ ಎಂದರೆ ಸರಿ; ಪ್ರೊಬೇಷನ್, ಅಂದರೆ ಸಾಮಾನ್ಯವಾಗಿ ಆರು ತಿಂಗಳ ಪರೀಕ್ಷಾರ್ಥ ಅವಧಿ, ಮುಗಿದ ಮೇಲೆ ಎಂದರೆ ಅಲ್ಲಿಯವರೆಗೆ ನೀವು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಕೆಲಸ ಬಿಟ್ಟ ದಿನ ಗುಂಪು ವಿಮೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವನ್ನು ಕಂಪನಿ ನೆರವಾಗಿ ಮಾಡಿಕೊಡುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಇಷ್ಟೆಲ್ಲ ಇದ್ದರೂ, ವಯಸ್ಸು ಚಿಕ್ಕದಿರುವಾಗಲೇ ಸ್ವಂತದ್ದೊಂದು ಸಣ್ಣ ಪಾಲಿಸಿ ಇಟ್ಟುಕೊಳ್ಳುವುದು ಜಾಣತನ.

ಐದನೆಯ ಹೆಜ್ಜೆ: ರಜೆ, ಹೆರಿಗೆ, ಪಾಳಿ

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಗಳಿಗೆ ಒಂದು ದಿನದ ಗಳಿಕೆ ರಜೆ ಮತ್ತು ವರ್ಷಕ್ಕೆ 12 ದಿನಗಳ ಅನಾರೋಗ್ಯ ರಜೆ ಸಿಗಬೇಕು. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಡಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಕಡ್ಡಾಯ ರಜೆಗಳು. ಜೊತೆಗೆ ಐದು ಹಬ್ಬದ ರಜೆಗಳು. ಹೊರದೇಶದ ಗ್ರಾಹಕರಿಗೆ ಕೆಲಸ ಮಾಡುವ ತಂಡಗಳಲ್ಲಿ ಆ ದೇಶದ ರಜೆಗಳ ಪಟ್ಟಿಯನ್ನೇ ಅನುಸರಿಸುವ ರೂಢಿಯುಂಟು. ಯುಗಾದಿಗೆ ಊರಿಗೆ ಹೋಗಬೇಕೆನ್ನುವವರು, “ನಾನು ಸೇರುವ ತಂಡ ಯಾವ ರಜಾಪಟ್ಟಿಯನ್ನು ಅನುಸರಿಸುತ್ತದೆ? ರಾಜ್ಯೋತ್ಸವದಂಥ ದಿನ ಕೆಲಸ ಮಾಡಿದರೆ ಬದಲಿ ರಜೆಯೋ ದುಪ್ಪಟ್ಟು ವೇತನವೋ?” ಎಂದು ಕೇಳಿಕೊಳ್ಳಬೇಕು.

ಬಳಸದೆ ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ, ಹಣವಾಗಿ ಪಡೆಯಬಹುದೇ, ಹಣ ಕೊಡುವಾಗ ಮೂಲ ವೇತನದ ಲೆಕ್ಕವೋ ಪೂರ್ಣ ಸಂಬಳದ ಲೆಕ್ಕವೋ, ಪ್ರೊಬೇಷನ್‌ನಲ್ಲಿ ರಜೆ ತೆಗೆದುಕೊಳ್ಳಲು ಅಡ್ಡಿಯಿದೆಯೇ ಎಂಬುದೂ ಗೊತ್ತಿರಲಿ. “ಅನಿಯಮಿತ ರಜೆ” ಎಂಬ ಆಕರ್ಷಕ ಮಾತು ಈಚೆಗೆ ಕೆಲವು ಸ್ಟಾರ್ಟಪ್‌ಗಳಲ್ಲಿ ಕೇಳಿಬರುತ್ತದೆ. ರಜೆಗೆ ಲೆಕ್ಕವೇ ಇಲ್ಲದ ಕಡೆ ಉಳಿದ ರಜೆಗೆ ಹಣವೂ ಇರುವುದಿಲ್ಲ. ಅಲ್ಲಿ ಕೇಳಬೇಕಾದದ್ದು ತಂಡದವರು ಕಳೆದ ವರ್ಷ ಸರಾಸರಿ ಎಷ್ಟು ದಿನ ರಜೆ ತೆಗೆದುಕೊಂಡರು ಎಂಬುದನ್ನು.

ಹೆರಿಗೆ ರಜೆಯ ಪ್ರಶ್ನೆ ಸೂಕ್ಷ್ಮವಾದದ್ದು. ಕೇಳಿದರೆ ಇವರು ಬೇಗನೆ ರಜೆ ಹೋಗುತ್ತಾರೆಂದು ಭಾವಿಸುತ್ತಾರೇನೋ ಎಂಬ ಭಯ ಆಧಾರವಿಲ್ಲದ್ದೆಂದು ಹೇಳಲಾರೆ. ಹಾಗಾಗಿ ಹೆರಿಗೆ ರಜೆಯನ್ನು ಪ್ರತ್ಯೇಕವಾಗಿ ಕೇಳದೆ, “ನಿಮ್ಮ ಸಂಪೂರ್ಣ ರಜಾ ನೀತಿಯ ದಾಖಲೆಯನ್ನು ಕಳಿಸಿ” ಎಂದು ಕೇಳಿ; ಅದರಲ್ಲಿ ಇದೂ ಇರುತ್ತದೆ. ಗರ್ಭಿಣಿಯಾಗಿದ್ದೀರಾ, ಮದುವೆ ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಹೊಣೆ ನಿಮಗಿಲ್ಲ. ಕಾನೂನು ಹೇಳುವುದಿಷ್ಟು: ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ ಮಹಿಳೆಗೆ ಮೊದಲ ಎರಡು ಮಕ್ಕಳಿಗೆ 26 ವಾರ, ಆನಂತರದ ಮಗುವಿಗೆ 12 ವಾರ ಸಂಬಳಸಹಿತ ರಜೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು. ನೇಮಕಾತಿಯ ಸಮಯದಲ್ಲೇ ಈ ಸೌಲಭ್ಯಗಳನ್ನು ಪ್ರತಿ ಮಹಿಳೆಗೆ ಲಿಖಿತವಾಗಿ ತಿಳಿಸಬೇಕೆಂದು 2017ರ ತಿದ್ದುಪಡಿ ಸಂಸ್ಥೆಗಳಿಗೆ ವಿಧಿಸಿತು. ಅಂದರೆ ನೀವು ದಾಖಲೆ ಕೇಳುವುದು ಅವರು ತಾವಾಗಿಯೇ ಮಾಡಬೇಕಿದ್ದ ಕೆಲಸವನ್ನು ನೆನಪಿಸುವುದಷ್ಟೇ. ತಂದೆಯಾಗುವವರಿಗೆ ಖಾಸಗಿ ವಲಯದಲ್ಲಿ ಕಾನೂನಿನ ರಜೆ ಇಲ್ಲ, ಕಂಪನಿಯ ನೀತಿಯೇ ಎಲ್ಲ. ಮುಟ್ಟಿನ ರಜೆಯ ಬಗ್ಗೆ, ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಕೊಡಬೇಕೆಂದು ರಾಜ್ಯ ಸರ್ಕಾರ 2025ರ ನವೆಂಬರಿನಲ್ಲಿ ಆದೇಶ ಹೊರಡಿಸಿತು, ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಆಯಿತು; ನೀವು ಸೇರುವ ಸಂಸ್ಥೆ ಅದನ್ನು ತನ್ನ ನೀತಿಯಲ್ಲಿ ಸೇರಿಸಿಕೊಂಡಿದೆಯೇ ಎಂಬುದು ಅದೇ ರಜಾ ದಾಖಲೆಯಲ್ಲಿ ಕಾಣುತ್ತದೆ.

ರಾತ್ರಿ ಪಾಳಿಯಿದ್ದರೆ ಕ್ಯಾಬ್ ನಿಮ್ಮ ಬಡಾವಣೆಯವರೆಗೆ ಬರುತ್ತದೆಯೇ, ಅದಕ್ಕೆ ಸಂಬಳದಿಂದ ಕಡಿತವಿದೆಯೇ, ಪಾಳಿ ಭತ್ಯೆ ಸಿಟಿಸಿಯ ಒಳಗೋ ಹೊರಗೋ ಎಂಬ ಪ್ರಶ್ನೆಗಳು ಸಣ್ಣವಾಗಿ ಕಂಡರೂ ಹೊಸಕೋಟೆಯಿಂದ ವೈಟ್‌ಫೀಲ್ಡ್‌ಗೆ ನಡುರಾತ್ರಿ ಓಡಾಡುವವರಿಗೆ ಸಣ್ಣವಲ್ಲ.

ಆರನೆಯ ಹೆಜ್ಜೆ: ಹೊರಬರುವ ಬಾಗಿಲನ್ನು ನೋಡಿಕೊಳ್ಳುವುದು

ಜಾಯಿನಿಂಗ್ ಬೋನಸ್ ಕೊಟ್ಟಿದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ಮರಳಿಸಬೇಕು, ಪೂರ್ಣ ಮೊತ್ತವನ್ನೋ ಉಳಿದ ತಿಂಗಳುಗಳ ಪಾಲನ್ನೋ, ಕಂಪನಿಯೇ ಕೆಲಸದಿಂದ ತೆಗೆದರೂ ಮರಳಿಸಬೇಕೇ ಎಂಬ ಮೂರನ್ನೂ ಕೇಳಿ. ನೋಟಿಸ್ ಅವಧಿ ಎರಡೂ ಕಡೆಗೆ ಸಮನಾಗಿದೆಯೇ ಎಂದು ಓದಿ ನೋಡಿ. ನೀವು 90 ದಿನ ಕೊಡಬೇಕು, ಅವರು 30 ದಿನ ಕೊಟ್ಟರೆ ಸಾಕು ಎಂಬ ಒಪ್ಪಂದಗಳು ಅಪರೂಪವಲ್ಲ. ತರಬೇತಿ ಬಾಂಡ್ (ಇಂತಿಷ್ಟು ಕಾಲದೊಳಗೆ ಬಿಟ್ಟರೆ ಹಣ ಕಟ್ಟುತ್ತೇನೆಂಬ ಕರಾರು) ಇದ್ದರೆ ಮೊತ್ತ ಮತ್ತು ಅವಧಿಯನ್ನು ತಿಳಿದುಕೊಳ್ಳದೆ ಸಹಿ ಹಾಕಬೇಡಿ; ಮೂಲ ಅಂಕಪಟ್ಟಿಗಳನ್ನು ಒತ್ತೆಯಿಡಲು ಕೇಳಿದರೆ ಖಂಡಿತವಾಗಿಯೂ ಬೇಡ.

ಇಸಾಪ್ ಅನ್ನು, ಅಂದರೆ ಕಂಪನಿಯ ಷೇರುಗಳನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕನ್ನು, ಆಫರ್‌ನಲ್ಲಿ ತೋರಿಸಿದ್ದರೆ ಷೇರುಗಳ ಸಂಖ್ಯೆಯೊಂದರಿಂದ ಏನೂ ತಿಳಿಯುವುದಿಲ್ಲ. ಕೊಳ್ಳಬೇಕಾದ ಬೆಲೆ, ಆ ಹಕ್ಕು ಬಲಿಯುವ, ಅಂದರೆ ಹಂತಹಂತವಾಗಿ ನಿಮ್ಮದಾಗುವ, ವೇಳಾಪಟ್ಟಿ, ಕೆಲಸ ಬಿಟ್ಟ ಮೇಲೆ ಕೊಳ್ಳಲು ಇರುವ ಗಡುವು, ಹಿಂದೆ ನೌಕರರಿಂದ ಷೇರು ಮರುಖರೀದಿ ಮಾಡಿದ್ದಾರೆಯೇ ಎಂಬುದೆಲ್ಲ ಬೇಕು. ನಮ್ಮ ನಿಯಮಗಳ ಪ್ರಕಾರ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಯಾವ ಷೇರಿನ ಹಕ್ಕೂ ಬಲಿಯುವಂತಿಲ್ಲ, ಮತ್ತು ಕೊಳ್ಳುವಾಗ ಮಾರುಕಟ್ಟೆ ಮೌಲ್ಯ ಹಾಗೂ ನೀವು ಕೊಟ್ಟ ಬೆಲೆಯ ವ್ಯತ್ಯಾಸವನ್ನು ಸಂಬಳವೆಂದೇ ಪರಿಗಣಿಸಿ ತೆರಿಗೆ ಹಾಕುತ್ತಾರೆ. ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯ ಷೇರನ್ನು ಮಾಸಿಕ ಸಂಬಳಕ್ಕೆ ಬದಲಾಗಿ ಒಪ್ಪಿಕೊಳ್ಳುವ ಮುನ್ನ, ಅದು ಸೊನ್ನೆಯಾದರೂ ಮನೆ ನಡೆಯುತ್ತದೆಯೇ ಎಂದು ನೋಡಿಕೊಳ್ಳಿ.

ಬೆಂಗಳೂರಿನಲ್ಲಿ ಇನ್ನೊಂದು ಪ್ರಶ್ನೆ ಅತ್ಯಗತ್ಯ: ನೀವು ಯಾರ ಪೇರೋಲ್‌ನಲ್ಲಿರುತ್ತೀರಿ, ಅಂದರೆ ನಿಮಗೆ ಸಂಬಳ ಕೊಡುವ ಸಂಸ್ಥೆ ಯಾವುದು? ದೊಡ್ಡ ಕಂಪನಿಯ ಕಟ್ಟಡದಲ್ಲಿ, ಅದರ ಗುರುತಿನ ಚೀಟಿ ಹಾಕಿಕೊಂಡು ಕೆಲಸ ಮಾಡಿದರೂ ನೇಮಕ ಮೂರನೆಯ ಸಂಸ್ಥೆಯೊಂದರ ಮೂಲಕ ಆಗಿದ್ದರೆ, ವಿಮೆ, ರಜೆ, ಬೋನಸ್ ಎಲ್ಲವೂ ಆ ಮೂರನೆಯ ಸಂಸ್ಥೆಯ ನೀತಿಯಂತೆ. ಆಫರ್ ಲೆಟರ್‌ನ ತಲೆಬರಹದಲ್ಲಿ ಯಾವ ಹೆಸರಿದೆಯೋ ಅವರ ಸೌಲಭ್ಯಗಳನ್ನೇ ಕೇಳಬೇಕು.

ಏಳನೆಯ ಹೆಜ್ಜೆ: ಪತ್ರ ಬರೆಯುವುದು, ಚೌಕಾಸಿ ಮಾಡುವುದು

ಪ್ರಶ್ನೆಗಳನ್ನು ದಿನಕ್ಕೊಂದರಂತೆ ಕೇಳುತ್ತ ಹೋದರೆ ಎದುರಿನವರಿಗೆ ಬೇಸರವಾಗುತ್ತದೆ. ಎಲ್ಲವನ್ನೂ ಒಂದೇ ಇಮೇಲ್‌ನಲ್ಲಿ, ಆರೇಳು ಪ್ರಶ್ನೆಗಳಿಗೆ ಮೀರದಂತೆ ಬರೆಯಿರಿ. ಉಳಿದ ವಿವರ ಅವರು ಕಳಿಸುವ ದಾಖಲೆಗಳಲ್ಲೇ ಸಿಗುತ್ತದೆ. ಧಾಟಿ ಹೀಗಿರಬಹುದು:

“ಆಫರ್‌ಗಾಗಿ ಧನ್ಯವಾದಗಳು. ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. ಒಪ್ಪಿಗೆ ಸೂಚಿಸುವ ಮುನ್ನ ಕೆಲವು ವಿವರಗಳನ್ನು ತಿಳಿಯಬಯಸುತ್ತೇನೆ. ಸಂಬಳದ ತಿಂಗಳವಾರು ವಿಂಗಡಣೆ, ಆರೋಗ್ಯ ವಿಮೆಯ ಕೈಪಿಡಿ ಹಾಗೂ ರಜಾ ನೀತಿಯ ಪ್ರತಿಗಳನ್ನು ಕಳಿಸಿಕೊಡಬೇಕೆಂದು ಕೋರುತ್ತೇನೆ. ಪಿಎಫ್ ಪೂರ್ಣ ಮೂಲ ವೇತನದ ಮೇಲೆಯೋ ಮಿತಿಯ ಮೇಲೆಯೋ, ವೇರಿಯಬಲ್ ಪೇ ಕಳೆದ ಎರಡು ವರ್ಷ ಎಷ್ಟು ಭಾಗ ಪಾವತಿಯಾಗಿದೆ, ಪ್ರೊಬೇಷನ್ ಮತ್ತು ನೋಟಿಸ್ ಅವಧಿಯ ಷರತ್ತುಗಳೇನು ಎಂಬುದನ್ನು ತಿಳಿಸಿದರೆ, ಶುಕ್ರವಾರದೊಳಗೆ ನನ್ನ ಉತ್ತರ ಕೊಡುತ್ತೇನೆ.”

ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದ ಕಡೆ ಇಂಗ್ಲಿಷಿನಲ್ಲೇ ಬರೆಯಿರಿ. ಆದರೆ ಎಚ್‌ಆರ್ ಕನ್ನಡದವರಾಗಿದ್ದರೆ ಫೋನಿನಲ್ಲಿ ಕನ್ನಡದಲ್ಲೇ ಕೇಳಿ, ಬಂದ ಉತ್ತರವನ್ನು ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಲು ಹಿಂಜರಿಯಬೇಡಿ. “ಇಂದು ಮಾತನಾಡಿದಂತೆ, ತಂದೆತಾಯಿಗೂ ವಿಮೆ ಅನ್ವಯಿಸುತ್ತದೆ ಎಂದು ತಿಳಿದಿದ್ದೇನೆ, ತಪ್ಪಿದ್ದರೆ ತಿದ್ದಿ” ಎಂಬ ಎರಡು ಸಾಲು ಸಾಕು.

ಚೌಕಾಸಿಗೆ ಇಳಿಯುವಾಗ ಯಾವುದು ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬ ಅಂದಾಜಿರಲಿ. ಗುಂಪು ವಿಮೆ, ಪಿಎಫ್ ಪದ್ಧತಿ, ರಜೆಯ ಸಂಖ್ಯೆ ಇವು ಎಲ್ಲರಿಗೂ ಒಂದೇ ಆದ್ದರಿಂದ ಒಬ್ಬರಿಗಾಗಿ ಬದಲಾಗುವುದಿಲ್ಲ. ಸೇರುವ ದಿನಾಂಕ, ಜಾಯಿನಿಂಗ್ ಬೋನಸ್, ಹಳೆಯ ಕಂಪನಿಗೆ ನೋಟಿಸ್ ಬದಲು ಕಟ್ಟಬೇಕಾದ ಹಣ, ಮನೆಯಿಂದ ಕೆಲಸ ಮಾಡುವ ದಿನಗಳು, ವೇರಿಯಬಲ್ ಭಾಗವನ್ನು ಕಡಿಮೆ ಮಾಡಿ ಖಚಿತ ಭಾಗವನ್ನು ಹೆಚ್ಚಿಸುವುದು ಇವು ಬಗ್ಗುತ್ತವೆ. ತಂದೆತಾಯಿಗೆ ವಿಮೆ ಇಲ್ಲವೆಂದಾದರೆ ನೀತಿಯನ್ನು ಬದಲಿಸಿ ಎನ್ನುವ ಬದಲು, ಹೊರಗೆ ವಿಮೆ ಮಾಡಿಸಲು ತಗಲುವ ವಾರ್ಷಿಕ ಕಂತಿನ ಅಂದಾಜನ್ನು ತೋರಿಸಿ, ಅಷ್ಟನ್ನು ಖಚಿತ ಸಂಬಳಕ್ಕೆ ಸೇರಿಸಲು ಕೇಳಿ. ಹೀಗೆ ಲೆಕ್ಕ ಮುಂದಿಟ್ಟು ಕೇಳಿದ್ದಕ್ಕೆ ಎಚ್‌ಆರ್ ತಮ್ಮ ಮೇಲಿನವರಲ್ಲಿ ಅನುಮತಿ ಪಡೆಯುವುದು ಸುಲಭವಾಗುತ್ತದೆ.

ಎಂಟನೆಯ ಹೆಜ್ಜೆ: ಒಪ್ಪಿದ ನಂತರ

ಮಾತಿನಲ್ಲಿ ಒಪ್ಪಿದ ಬದಲಾವಣೆ ತಿದ್ದಿದ ಆಫರ್ ಲೆಟರ್‌ನಲ್ಲಿ ಬಂದಿದೆಯೇ ನೋಡಿಕೊಂಡು ಸಹಿ ಮಾಡಿ. ನೇಮಕಾತಿ ಆದೇಶ ಲಿಖಿತವಾಗಿಯೇ ಸಿಗಬೇಕು. ಪಡೆದ ಕೈಪಿಡಿ, ನೀತಿಪತ್ರ, ಇಮೇಲ್‌ಗಳನ್ನು ಸ್ವಂತ ಇಮೇಲ್ ಖಾತೆಯಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಕೆಲಸ ಬಿಟ್ಟ ದಿನ ಕಚೇರಿಯ ಖಾತೆ ಮುಚ್ಚಿಹೋಗುತ್ತದೆ.

ಹಳೆಯ ಪಿಎಫ್ ಖಾತೆಯಿದ್ದರೆ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೊಟ್ಟು ಹಣವನ್ನು ವರ್ಗಾಯಿಸಿಕೊಳ್ಳಿ. ಒಟ್ಟು ಐದು ವರ್ಷದ ಸತತ ಸೇವೆ ತುಂಬುವ ಮುನ್ನ ಹಿಂಪಡೆದರೆ ತೆರಿಗೆ ಬೀಳುತ್ತದೆ. ಪಿಎಫ್ ಮತ್ತು ಗ್ರಾಚ್ಯುಟಿಗೆ ನಾಮನಿರ್ದೇಶನವನ್ನು ಮೊದಲ ವಾರದಲ್ಲೇ ಮಾಡಿ ಮುಗಿಸಿ. ಪಿಎಫ್ ಜೊತೆಗೆ ಬರುವ ಇಡಿಎಲ್‌ಐ ವಿಮೆಯಡಿ ನೌಕರರು ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಮತ್ತು ನಾಮನಿರ್ದೇಶನ ಇಲ್ಲದ ಕಡೆ ಅದನ್ನು ಪಡೆಯಲು ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಆರೋಗ್ಯ ವಿಮೆಗೆ ತಂದೆತಾಯಿಯ ಹೆಸರು ಸೇರಿಸಲು ಸೇರಿದ ಮೇಲೆ ಕೆಲವೇ ವಾರಗಳ ಗಡುವಿರುತ್ತದೆ. ಅದು ತಪ್ಪಿದರೆ ಪಾಲಿಸಿ ನವೀಕರಣವಾಗುವವರೆಗೆ, ಅಂದರೆ ಕೆಲವೊಮ್ಮೆ ಸುಮಾರು ಒಂದು ವರ್ಷ, ಕಾಯಬೇಕು. ಆದ್ದರಿಂದ ಅವರ ಆಧಾರ್ ಪ್ರತಿ ಮತ್ತು ಜನ್ಮದಿನಾಂಕವನ್ನು ಸೇರುವ ದಿನಕ್ಕೆ ಮೊದಲೇ ಊರಿನಿಂದ ತರಿಸಿಟ್ಟುಕೊಳ್ಳಿ.